ಸುಮ್ನೆ ನಾಲ್ಕು ಫೋಟೋ ತೆಗಿ

ಮದುವೆಗೆ ಕ್ಯಾಮೆರಾ ತಗೊಂಡು ಬರುವವರಲ್ಲಿ ಎರಡು ಜಾತಿ. ದುಡ್ಡು ತಗೊಂಡು ಹೋಗುವವರು, ಊಟ ಮಾಡಿ ಹೋಗುವವರು. ನಾನು ಎರಡನೇ ಜಾತಿ. ಮೊದಲನೆಯವರಿಗೆ ಅಡ್ವಾನ್ಸ್ ಸಿಕ್ಕಿರುತ್ತದೆ, ಜೊತೆಗೊಬ್ಬ ಹುಡುಗ ಇರುತ್ತಾನೆ, ಆಲ್ಬಮ್ ತಡವಾದರೆ ಫೋನ್ ಎತ್ತದೆ ಇರುವ ಸ್ವಾತಂತ್ರ್ಯವೂ ಇರುತ್ತದೆ. ನನಗಿರುವುದು ಚಿಕ್ಕಮ್ಮ. "ನಿನ್ ಹತ್ರ ಅಷ್ಟು ದೊಡ್ಡ ಕ್ಯಾಮೆರಾ ಇದೆಯಲ್ಲ ಮಾರಾಯಾ, ಸುಮ್ನೆ ನಾಲ್ಕು ಫೋಟೋ ತೆಗಿ" ಅನ್ನುತ್ತಾರೆ. ಸಂಜೆ ಆಗುವುದರೊಳಗೆ ಆ ನಾಲ್ಕು ಫೋಟೋ ಎರಡು ಮೆಮೊರಿ ಕಾರ್ಡ್ ತುಂಬಿರುತ್ತವೆ.

ತೆಗೆಯೋದೇನೋ ಖುಷಿಯ ಕೆಲಸ. ಎಲ್ಲರೂ ನೋಡಿ ನಗುತ್ತಾರೆ, ಎರಡನೇ ಪಂಕ್ತಿಯಲ್ಲಿ ಜಾಗ ಹಿಡಿದಿಟ್ಟಿರುತ್ತಾರೆ. ಕಷ್ಟ ಶುರುವಾಗೋದು ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿದ ಮೇಲೆ.

ರೀಲಿನ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ನಮ್ಮ ಅಪ್ಪ-ಅಮ್ಮನ ಮದುವೆ ಆಲ್ಬಮ್ ನೋಡಿದರೆ ಆ ಲೆಕ್ಕಾಚಾರ ಎದ್ದು ಕಾಣುತ್ತದೆ. ಧಾರೆಗೆ ಎರಡು, ಸಪ್ತಪದಿಗೆ ಒಂದು, ಬೀಗರ ಜೊತೆ ಒಂದು, ಮುಗೀತು. ಯಾವುದು ಬೇಕು, ಯಾವುದು ಬೇಡ ಅನ್ನುವ ತೀರ್ಮಾನ ಗುಂಡಿ ಒತ್ತುವ ಮೊದಲೇ ಆಗಿರುತ್ತಿತ್ತು. ಈಗ ಒತ್ತೋದಕ್ಕೆ ಕಾಸಿಲ್ಲ. ಸೆಕೆಂಡಿಗೆ 10 ಫೋಟೋ ಹೊಡೆಯುವ ಕ್ಯಾಮೆರಾ ಕೈಯಲ್ಲಿದ್ದರೆ, ಅಕ್ಷತೆ ಬೀಳುವ ಗಳಿಗೆಯಲ್ಲಿ ಇಟ್ಟ ಬೆರಳನ್ನು ಎತ್ತೋಕೆ ಮನಸ್ಸೇ ಬರೋದಿಲ್ಲ. ಮಂಟಪದಲ್ಲಿರುವ ನಾನು ತೀರ್ಮಾನಗಳನ್ನೆಲ್ಲ ರಾತ್ರಿ ಹನ್ನೊಂದು ಗಂಟೆಗೆ ಕಂಪ್ಯೂಟರ್ ಮುಂದೆ ಕೂರುವ ನನ್ನ ತಲೆಗೆ ಕಟ್ಟಿಬಿಡುತ್ತೇನೆ. ಆ ಮನುಷ್ಯ ಏನು ಪಾಪ ಮಾಡಿದ್ದನೋ.

ಅದರ ಮೇಲೆ ರಾ ಫೈಲಿನ ಹುಚ್ಚು ಬೇರೆ, ಅಂದರೆ ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಸಿಹಸಿಯಾಗಿ ಇಟ್ಟುಕೊಳ್ಳುವ ಫೈಲು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದೊಂದು ಫೈಲೂ ಸುಮಾರು 25-30 ಎಂಬಿ ತೂಗುತ್ತದೆ. ಇಂಪೋರ್ಟ್ ಅಂತ ಒತ್ತಿ ಹೋಗಿ ಸ್ನಾನ ಮಾಡಿ, ಊಟ ಮಾಡಿ, ಪಾತ್ರೆ ತೊಳೆದು ಬಂದರೂ ಆ ಹಸಿರು ಪಟ್ಟಿ ಅರ್ಧದಲ್ಲೇ ನಿಂತಿರುತ್ತದೆ. ಇಷ್ಟು ಒದ್ದಾಟ ಯಾಕೆ ಅಂದರೆ, ಮಾಮೂಲಿ ಫೋಟೋ ಫೈಲಾದ ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಇದ್ದರೆ, 14 ಬಿಟ್ ರಾ ಫೈಲಿನಲ್ಲಿ 16,384 ಇರುತ್ತವೆ. ಕತ್ತಲಲ್ಲಿ ಮುಳುಗಿದ ಮಾವನ ಮುಖವನ್ನು ಮೇಲಕ್ಕೆತ್ತಬಹುದು. ಆದರೆ ಎತ್ತುವವರೆಗೆ ಎಲ್ಲವೂ ಸಪ್ಪೆ. ಮೊದಲ ಸಲ ತೆರೆದು ನೋಡಿದರೆ ಮದುಮಗಳಿಗೆ ಜ್ವರ ಬಂದಿತ್ತೇನೋ ಅನ್ನಿಸುತ್ತದೆ.

ಮೊದಲನೇ ಸುತ್ತು, ಆರಿಸೋದು. ಫೋಟೋ ಆರಿಸಿ ತಿದ್ದುವ ತಂತ್ರಾಂಶ ಲೈಟ್‌ರೂಮಿನಲ್ಲಿ ಪಿ ಒತ್ತಿದರೆ ಬೇಕು, ಎಕ್ಸ್ ಒತ್ತಿದರೆ ಬೇಡ. ಹೇಳೋಕೆ ಇಷ್ಟೇ. "ಅಕ್ಕೀಲಿ ಕಲ್ಲು ಆರಿಸಿದ ಹಾಗಾಯ್ತಲ್ಲೋ" ಅಂದರು ಅಮ್ಮ, ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ. ಅಯ್ಯೋ, ಅಷ್ಟು ಸುಲಭ ಆಗಿದ್ದಿದ್ದರೆ! ಕಲ್ಲು ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಇಲ್ಲಿ ಅಕ್ಕೀಲಿ ಅಕ್ಕಿ ಆರಿಸಬೇಕು. ತಾಳಿ ಕಟ್ಟುವ ಒಂದೇ ಕ್ಷಣದ ಹದಿನೈದು ಫೋಟೋ. ಒಂದರಲ್ಲಿ ವರನ ಕೈ ಚೆನ್ನಾಗಿದೆ, ಇನ್ನೊಂದರಲ್ಲಿ ವಧುವಿನ ನಗು, ಮತ್ತೊಂದರಲ್ಲಿ ಇಬ್ಬರೂ ಚೆನ್ನಾಗಿದ್ದಾರೆ ಆದರೆ ಪುರೋಹಿತರು ಫೋನ್ ನೋಡುತ್ತಿದ್ದಾರೆ.

ಈ ಸುತ್ತನ್ನು ದಾಟೋಕೆ ನನಗೆ ಸಿಕ್ಕಿರುವ ಒಂದೇ ಔಷಧ ತಾಳಮದ್ದಳೆ, ಅಂದರೆ ಕೂತು ಆಡುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಬರೀ ಹಾಡು, ಮಾತು. ಪರದೆ ನೋಡುವ ಅಗತ್ಯವಿಲ್ಲ, ಕಿವಿಗೆ ಹಾಕಿಕೊಂಡರೆ ಸಾಕು. ಸಿನಿಮಾ ಹಾಡು ನಾಲ್ಕು ನಿಮಿಷಕ್ಕೆ ಮುಗಿದು ಮತ್ತೆ ಹುಡುಕಬೇಕು. ತಾಳಮದ್ದಳೆಯಲ್ಲಿ ಆ ಭಯವಿಲ್ಲ. ವಾಲಿವಧೆ ಹಾಕಿದರೆ, ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಮೆಹಂದಿ ಮುಗಿದಿರುತ್ತದೆ. ರಾಮ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ವರಪೂಜೆ. ಮಧ್ಯೆ ಒಂದೇ ಒಂದು ಮುಜುಗರ. "ಮರೆಯಲ್ಲಿ ನಿಂತು ಹೊಡೆದೆಯಲ್ಲ" ಅಂತ ವಾಲಿ ಹೀಯಾಳಿಸುವ ಹೊತ್ತಿಗೆ ಸರಿಯಾಗಿ, ಕಂಬದ ಮರೆಯಿಂದ ನಾನು ಹೊಡೆದ ಫೋಟೋ ಪರದೆ ಮೇಲೆ ಬರುತ್ತದೆ. ಬಾಯಿ ತುಂಬ ಹೋಳಿಗೆ ತುಂಬಿಕೊಂಡ ದೊಡ್ಡಪ್ಪ. ಎಕ್ಸ್ ಒತ್ತಿ ರಾಮನಿಗಿಂತ ಬೇಗ ಪಾರಾಗುತ್ತೇನೆ.

ಜೊತೆಗೆ ಹಲಸಿನ ಹಪ್ಪಳವೂ ಇರಬೇಕು. ಕೀಬೋರ್ಡಿಗೆ ಎಣ್ಣೆ ಆಗುತ್ತದೆ, ಆಗಲಿ. ನಮ್ಮ ಮನೆ ಕೀಬೋರ್ಡಿನಲ್ಲಿ ಪಿ ಮತ್ತು ಎಕ್ಸ್ ಮಾತ್ರ ಮಿರಮಿರ ಹೊಳೆಯುತ್ತವೆ.

ಎಲ್ಲಕ್ಕಿಂತ ದೊಡ್ಡ ಪೀಡೆ ಗ್ರೂಪ್ ಫೋಟೋ. ಇಪ್ಪತ್ತೈದು ಜನ ನಿಂತರೆ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಇದನ್ನು ನಾನೊಬ್ಬನೇ ಗೊಣಗುತ್ತಿರುವುದಲ್ಲ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದಕ್ಕೆ ಗಣಿತ ಹಾಕಿ, 2006ರಲ್ಲಿ ಇಗ್ ನೊಬೆಲ್ ಗೆದ್ದಿದ್ದಾರೆ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರ ಸೂತ್ರ ಸರಳ. ಬೆಳಕು ಚೆನ್ನಾಗಿದ್ದರೆ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದರೆ 2ರಿಂದ. ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುತ್ತದೆ. ಆದರೆ ಈ ಸೂತ್ರ 20ಕ್ಕಿಂತ ಕಡಿಮೆ ಜನರಿದ್ದರೆ ಮಾತ್ರ. ಮಲೆನಾಡಿನ ಮದುವೆಯ ಗ್ರೂಪ್ ಫೋಟೋ ನೋಡಿದವರು ಯಾರೂ ಆ 20ರ ಗೆರೆ ಎಳೆಯುತ್ತಿರಲಿಲ್ಲ. ವಧುವಿನ ಕಡೆ ಚಿಕ್ಕಪ್ಪಂದಿರೇ ಅಷ್ಟಿರುತ್ತಾರೆ.

ಹಾಗಾಗಿ ತಲೆ ಬದಲಾವಣೆ ಅನಿವಾರ್ಯ. ಒಂದು ಫೋಟೋದಲ್ಲಿ ಕಣ್ಣು ತೆರೆದ ಮಾವನ ತಲೆಯನ್ನು ಕತ್ತರಿಸಿ ಇನ್ನೊಂದರಲ್ಲಿ ಕೂರಿಸೋದು. ಫೋಟೊಶಾಪಿನಲ್ಲಿ ಅರ್ಧ ಗಂಟೆಯ ಕೆಲಸ. ಇಷ್ಟು ಮಾಡಿದ ಮೇಲೆ ಮಾವ ನೋಡಿ ಹೇಳಿದ್ದು, "ನಾನ್ಯಾಕೆ ಇಷ್ಟು ಕಣ್ಣು ಬಿಟ್ಟಿದೀನಿ?"

ಈಗ ಇದಕ್ಕೆಲ್ಲ ಎಐ ಬಂದಿದೆಯಲ್ಲ ಅಂತ ತಂಗಿ ಹೇಳಿದಳು. ಮಸುಕಾದದ್ದು, ಕಣ್ಣು ಮುಚ್ಚಿದ್ದು ಎಲ್ಲ ಅದೇ ಹುಡುಕಿ ಬೇರೆ ಇಡುತ್ತದಂತೆ. ಬಿಟ್ಟು ನೋಡಿದೆ. ಶ್ರದ್ಧೆಯಿಂದಲೇ ಕೆಲಸ ಮಾಡಿತು. ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ ಪುರೋಹಿತರು, ಹೊರಗೆ. ಧಾರೆಯ ಹೊತ್ತಿಗೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದ ಮದುಮಗಳು, ಹೊರಗೆ. ನಕ್ಕರೆ ಕಣ್ಣೇ ಕಾಣದ ಅಜ್ಜಿಯಂತೂ ಆ ಮದುವೆಗೆ ಬಂದೇ ಇಲ್ಲ ಅನ್ನುವ ಹಾಗೆ ಒಂದು ಫೋಟೋವನ್ನೂ ಉಳಿಸಲಿಲ್ಲ. ಮತ್ತೆ ಯಾರನ್ನು ಉಳಿಸಿತು? ಕಣ್ಣು ಪೂರ್ತಿ ತೆರೆದು, ಅಲುಗಾಡದೆ, ಬೆಳಕಿನಲ್ಲಿ ನಿಂತವರನ್ನು. ಅಂದರೆ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ ಪ್ಲಾಸ್ಟಿಕ್ ಗೊಂಬೆಯನ್ನು. ಅದಕ್ಕೆ ಐದು ಸ್ಟಾರ್.

ಎರಡನೇ ಸುತ್ತು ಬಣ್ಣದ್ದು. ಈಗಿನ ಕಲ್ಯಾಣ ಮಂಟಪಗಳಿಗೆ ನೇರಳೆ ಎಲ್‌ಇಡಿ ಮೇಲೆ ಅದೇನು ಪ್ರೀತಿಯೋ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು 3,000ದ ಆಸುಪಾಸು, ಹಗಲ ಬಿಸಿಲು 5,500. ಲೈಟ್‌ರೂಮಿನ ಪಟ್ಟಿ 2,000ದಿಂದ 50,000ದವರೆಗೂ ಹೋಗುತ್ತದೆ. ಆ ತುದಿಯಿಂದ ಈ ತುದಿಗೆ ಎಳೆದರೂ ನೇರಳೆ ಎಲ್‌ಇಡಿಗೆ ಅಲ್ಲೊಂದು ಜಾಗವಿಲ್ಲ. ಸಾಲದ್ದಕ್ಕೆ ವಿಡಿಯೊದವರ ಬಿಳಿ ದೀಪ. ಮದುಮಗಳ ಬಲಗೆನ್ನೆ ನೇರಳೆ, ಎಡಗೆನ್ನೆ ಬಿಳಿ, ಅರಿಶಿನದ ಹಣೆ ಹಸಿರಿಗೆ ತಿರುಗಿದೆ. ಒಂದನ್ನು ಸರಿ ಮಾಡಿದರೆ ಮತ್ತೊಂದು ಕೆಡುತ್ತದೆ. ಒಂದು ಫೋಟೋ ಸರಿ ಮಾಡಿ ಅದೇ ಸೆಟ್ಟಿಂಗನ್ನು ಉಳಿದ ನೂರಕ್ಕೆ ಅಂಟಿಸಬಹುದಲ್ಲ ಅನ್ನಬೇಡಿ. ವಿಡಿಯೊದವರು ದೀಪ ಹಿಡಿದು ಒಂದೆಡೆ ನಿಂತಿದ್ದರೆ ತಾನೆ? ಪ್ರದಕ್ಷಿಣೆ ಹಾಕುವುದರಲ್ಲಿ ವಧೂವರರನ್ನೂ ಮೀರಿಸಿದ್ದರು.

ರಾತ್ರಿ ಒಂದೂವರೆಗೆ ಎಲ್ಲ ಚೆನ್ನಾಗಿ ಕಾಣುತ್ತದೆ. ಕಣ್ಣು ಬಹಳ ಹೊಂದಿಕೊಳ್ಳುವ ಸ್ವಭಾವದ್ದು, ಸ್ವಲ್ಪ ಹೊತ್ತು ನೋಡಿದ್ದನ್ನೇ ಸರಿ ಅಂದುಕೊಳ್ಳುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನೋಡಿದರೆ ಇಡೀ ಬೀಗರ ಕುಟುಂಬ ಬೀಟ್‌ರೂಟ್ ಬಣ್ಣ. ಕಪ್ಪು-ಬಿಳುಪು ಮಾಡಿ ಕೈತೊಳೆದುಕೊಳ್ಳೋಣ ಅಂದರೆ ಚಿಕ್ಕಮ್ಮ ಸಿಟ್ಟಾದರು. "ಅಷ್ಟು ದುಡ್ಡು ಕೊಟ್ಟು ರೇಷ್ಮೆ ಸೀರೆ ಉಟ್ಟಿದ್ದು ಬೂದಿ ಬಣ್ಣ ಕಾಣ್ಲಿ ಅಂತನಾ?"

ಆ ಸೀರೆಯದ್ದೇ ಒಂದು ಕಥೆ. ಅದು ಎಂ.ಎಸ್. ಬ್ಲೂ, ಸುಬ್ಬುಲಕ್ಷ್ಮಿಯವರ ಹೆಸರಿನ ನೀಲಿ. ನನ್ನ ಮಾನಿಟರಿನಲ್ಲಿ ಸರಿಯಾಗೇ ಇತ್ತು. ಚಿಕ್ಕಮ್ಮನ ಫೋನಿನಲ್ಲಿ ಹಸಿರು ಹೊಡೆಯಿತು. ಚಿಕ್ಕಪ್ಪನ ಫೋನಿನಲ್ಲಿ ನೇರಳೆ. ಎಲ್ಲ ಪರದೆಗಳಲ್ಲೂ ಬಣ್ಣ ಒಂದೇ ಥರ ಕಾಣಲಿ ಅಂತ ಎಸ್‌ಆರ್‌ಜಿಬಿ ಎಂಬ ಕಟ್ಟಳೆಯನ್ನು 1996ರಲ್ಲೇ ಮಾಡಿದ್ದಾರೆ. ನಮ್ಮ ನೆಂಟರ ಫೋನುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಗಂಡ-ಹೆಂಡತಿ ಇಬ್ಬರೂ ಫೋನ್ ಅಕ್ಕಪಕ್ಕ ಹಿಡಿದು ಜಗಳಕ್ಕೆ ನಿಂತರು. ಕೊನೆಗೆ ಬೀರುವಿನಿಂದ ಸೀರೆಯನ್ನೇ ತೆಗೆದು ವಿಡಿಯೊ ಕಾಲ್ ಮಾಡಿ, "ನೋಡು, ಈ ಬಣ್ಣ" ಅಂತ ಕ್ಯಾಮೆರಾಗೆ ಹಿಡಿದರು. ಕಾಲಿನಲ್ಲಿ ಅದು ಕಪ್ಪಾಗಿ ಕಂಡಿತು. ನಾನು "ಗೊತ್ತಾಯ್ತು ಚಿಕ್ಕಮ್ಮ" ಅಂದೆ.

ಮೂರನೇ ಸುತ್ತು ಹಂಚೋದು. ಪೂರ್ತಿ ಸೈಜಿನ ಫೋಟೋಗಳನ್ನು ಡ್ರೈವಿಗೆ ಹಾಕಿ ಲಿಂಕ್ ಕಳಿಸಿದೆ. ಯಾರೂ ತೆರೆಯಲಿಲ್ಲ. "ಲಿಂಕೆಲ್ಲ ಬೇಡ, ಗ್ರೂಪಿಗೇ ಹಾಕು" ಅಂದರು. ಗ್ರೂಪಿಗೆ ಹಾಕಿದ ಕೂಡಲೇ 24 ಮೆಗಾಪಿಕ್ಸೆಲ್ ಹೋಗಿ ಎರಡೋ ಮೂರೋ ಉಳಿಯಿತು. ಅಲ್ಲಿಂದ ಅದನ್ನು ಕತ್ತರಿಸಿ, ಮೇಲೆ ಗುಲಾಬಿ ಹೂವಿನ ಚೌಕಟ್ಟು ಹಾಕಿ, ಸ್ಟೇಟಸ್ಸಿಗೆ ಇಟ್ಟರು. 16,384 ಮೆಟ್ಟಿಲಿನಲ್ಲಿ ಈಗ ಎಷ್ಟು ಉಳಿದಿವೆ ಅಂತ ನಾನು ಕೇಳಲಿಲ್ಲ.

ಆಮೇಲೆ ತಿದ್ದುಪಡಿಗಳು ಶುರುವಾದವು. ಹಿಂದಿನ ನೀಲಿ ಡ್ರಮ್ ತೆಗಿ. ತೆಗೆದೆ. ಆ ಗೋಡೆ ಗಡಿಯಾರ ಯಾಕೆ, ಮುಹೂರ್ತ ಮೀರಿದ್ದು ಕಾಣುತ್ತೆ. ಅದನ್ನೂ ತೆಗೆದೆ. ಇಷ್ಟು ಹೊತ್ತಿಗೆ ಫೋಟೊಶಾಪಿಗೆ ಆಗದ ಕೆಲಸವೇ ಇಲ್ಲ ಅನ್ನುವ ನಂಬಿಕೆ ಚಿಕ್ಕಮ್ಮನಿಗೆ ಬಂದಾಗಿತ್ತು. ಡಲ್ಲಾಸಿನಲ್ಲಿರುವ ಅವರ ಅಣ್ಣನ ಮಗನಿಗೆ ರಜೆ ಸಿಗದೆ ಮದುವೆಗೆ ಬರೋಕೆ ಆಗಿರಲಿಲ್ಲ. ಅವನದೊಂದು ಫೋಟೋ ಕಳಿಸಿ, ಬಲಗಡೆ ತುದಿಯಲ್ಲಿ ನಿಲ್ಲಿಸು ಅಂದರು. ಹಿಮದ ಮಧ್ಯೆ, ದಪ್ಪ ಜಾಕೆಟ್ ಹಾಕಿ, ಉಣ್ಣೆ ಟೋಪಿ ತೊಟ್ಟು ನಿಂತ ಫೋಟೋ. "ಚಿಕ್ಕಮ್ಮ, ಮೇ ತಿಂಗಳ ಮದುವೇಲಿ ಒಬ್ಬನೇ ಹೀಗೆ ನಿಂತರೆ ಚೆನ್ನಾಗಿ ಕಾಣಲ್ಲ" ಅಂದೆ.

ಅವರು ಫೋನಿನ ಆ ಕಡೆ ಸ್ವಲ್ಪ ಯೋಚಿಸಿದರು.

"ಹೌದಲ್ವಾ. ಹಾಗಾದ್ರೆ ಒಂದು ಕೆಲ್ಸ ಮಾಡು, ಪಂಚೆ ಉಡಿಸ್ಬಿಡು. ಅಂಚು ಹಸಿರಿರ್ಲಿ, ನನ್ ಸೀರೆಗೆ ಮ್ಯಾಚ್ ಆಗುತ್ತೆ."