‘ಹೋಗಿ ಬರ್ತೀನಿ’ ಅನ್ನುವ ಎಕ್ಸ್ ಗುಂಡಿ

ನಮ್ಮ ಕಡೆ ನೆಂಟರು ಹೊರಡುವಾಗ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಹೋಗಿ ಬರ್ತೀನಿ’ ಅನ್ನಬೇಕು. ಅಂದಮೇಲೂ ಹೊರಡುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತು, ನಾದಿನಿಯ ಮಗಳ ಜಾತಕದಿಂದ ಮೆಟ್ರೋ ಕಾಮಗಾರಿಯವರೆಗೆ ಇನ್ನೊಂದು ಅರ್ಧ ಗಂಟೆ. ಹಳೆಯ ಪಾಕೆಟ್ ಪಿಸಿಯ (ಅಂಗೈಯಲ್ಲಿ ಹಿಡಿಯುವ ಪುಟ್ಟ ವಿಂಡೋಸ್ ಕಂಪ್ಯೂಟರ್) ಬಲಮೂಲೆಯಲ್ಲಿ ಕೂತಿರುವ ಎಕ್ಸ್ ಗುಂಡಿ ಇದೇ ಮನೆತನದ್ದು. ಒತ್ತಿದರೆ ಪ್ರೋಗ್ರಾಂ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ. ಗೇಟಿನ ಹತ್ತಿರ ನಿಂತೇ ಇರುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯ ರಿಪೇರಿ ಅಂಗಡಿಗಳಿಗೆ ಇಂಥ ಯಂತ್ರ ಹಿಡಿದುಕೊಂಡು ಹೋಗುವ ಹಿರಿಯರ ದೂರು ಒಂದೇ ಥರದ್ದು: “ತುಂಬಾ ಸ್ಲೋ ಆಗಿದೆಯಪ್ಪ.” ಅಲ್ಲಿಂದ ಮುಂದೆ ಮಾತು ಸಾಗುವುದು ಹೀಗೆ.

“ಓಪನ್ ಮಾಡಿದ್ದೆಲ್ಲ ಕ್ಲೋಸ್ ಮಾಡಿದ್ರಾ ಸಾರ್?”

“ಮಾಡ್ದೆನಪ್ಪ, ಎಕ್ಸ್ ಒತ್ತಿದೆ.”

“ಎಕ್ಸ್ ಒತ್ತಿದ್ರೆ ಕ್ಲೋಸ್ ಆಗಲ್ಲ ಸಾರ್.”

“ಮತ್ತೆ ಎಕ್ಸ್ ಯಾಕಪ್ಪ ಇಟ್ಟಿದಾರೆ?”

“ಅದು ನಾನಿಟ್ಟಿದ್ದಲ್ಲ ಸಾರ್.”

ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. 2000ದಲ್ಲಿ ಮೈಕ್ರೋಸಾಫ್ಟ್ ಪಾಕೆಟ್ ಪಿಸಿಯನ್ನು ತಂದಾಗ ಪ್ರೋಗ್ರಾಂಗಳ ತಲೆಯ ಮೇಲೆ ಎಕ್ಸ್ ಇರಲೇ ಇಲ್ಲ. ಕಿಸೆಯಲ್ಲಿಟ್ಟುಕೊಳ್ಳುವ ಯಂತ್ರದಲ್ಲಿ ಜನ ಪ್ರೋಗ್ರಾಂ ಮುಚ್ಚುವ ತಲೆನೋವು ಹಚ್ಚಿಕೊಳ್ಳಬಾರದು, ಜಾಗ ಸಾಲದಾದಾಗ ಯಂತ್ರವೇ ನೋಡಿಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಡೆಸ್ಕ್‌ಟಾಪಿನಲ್ಲಿ ಪಳಗಿದ ಕೈಗಳು ಮೂಲೆಯಲ್ಲಿ ಎಕ್ಸ್ ಹುಡುಕುತ್ತಲೇ ಇದ್ದವು. ಪಾಕೆಟ್ ಪಿಸಿ 2002 ಆವೃತ್ತಿಯಲ್ಲಿ ಎಕ್ಸ್ ಬಂತು, ಕೆಲಸ ಮಾತ್ರ ಬೇರೆ: ಅದಕ್ಕೆ ‘ಸ್ಮಾರ್ಟ್ ಮಿನಿಮೈಸ್’ ಎಂದು ಹೆಸರು. ಅಳುವ ಮಗುವಿನ ಕೈಗೆ ಬ್ಯಾಟರಿಯಿಲ್ಲದ ರಿಮೋಟ್ ಕೊಟ್ಟ ಹಾಗೆ. ಅದೇ ಜಾಗದಲ್ಲಿ ಕೆಲವೊಮ್ಮೆ ಎಕ್ಸ್ ಬದಲು ಓಕೆ ಕಾಣುತ್ತದೆ. ಅದು ಬೇರೆ ಜಾತಿ. ತೆರೆದಿರುವ ಕಡತವನ್ನು ಉಳಿಸಿ, ಆ ಕಡತವನ್ನಷ್ಟೇ ಮುಚ್ಚುತ್ತದೆ. ಪ್ರೋಗ್ರಾಂ ಆಮೇಲೂ ಅಲ್ಲೇ.

ನಿಜವಾಗಿ ಹೊರಗೆ ಕಳಿಸುವ ದಾರಿ ಮನೆಯ ಹಿತ್ತಲಲ್ಲಿದೆ. ಎಡಮೂಲೆಯ ಸ್ಟಾರ್ಟ್ ಮುಟ್ಟಿ, ಸೆಟ್ಟಿಂಗ್ಸ್‌ಗೆ ಹೋಗಿ, ಪರದೆಯ ಕೆಳಗಿರುವ ಸಿಸ್ಟಂ ಟ್ಯಾಬ್ ಒತ್ತಿ, ಮೆಮೊರಿ ತೆರೆದು, ಮತ್ತೆ ಕೆಳಗಿನ ಸಾಲಿನಲ್ಲಿ ‘ರನ್ನಿಂಗ್ ಪ್ರೋಗ್ರಾಮ್ಸ್’ ಟ್ಯಾಬ್ ಮುಟ್ಟಬೇಕು. ಐದು ಸಲ ಕಡ್ಡಿ (ಪರದೆ ಮುಟ್ಟುವ ಸ್ಟೈಲಸ್) ಊರಿದ ಮೇಲೆ, ಬೆಳಿಗ್ಗೆಯಿಂದ ಯಾರ್ಯಾರಿಗೆ ‘ಹೋಗಿ ಬನ್ನಿ’ ಅಂದಿದ್ದಿರೋ ಅವರೆಲ್ಲ ಸಾಲಾಗಿ ಕೂತಿರುವುದು ಕಾಣುತ್ತದೆ: ಕ್ಯಾಲ್ಕುಲೇಟರ್, ಕ್ಯಾಲೆಂಡರ್, ಪಾಕೆಟ್ ವರ್ಡ್, ನಿನ್ನೆ ರಾತ್ರಿಯ ಸಾಲಿಟೇರ್. ಕೆಳಗೆ ಮೂರು ಗುಂಡಿ. ಹೆಸರಿನ ಮೇಲೆ ಕಡ್ಡಿಯಿಟ್ಟು ‘ಆಕ್ಟಿವೇಟ್’ ಒತ್ತಿದರೆ ಆ ಪ್ರೋಗ್ರಾಂ ಎದುರಿಗೆ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಹಾರುವುದಕ್ಕೆ ಇದು. ‘ಸ್ಟಾಪ್’ ಒತ್ತಿದರೆ ಆ ಒಬ್ಬರು ಹೊರಗೆ. ‘ಸ್ಟಾಪ್ ಆಲ್’ ಒತ್ತಿದರೆ ಮದುವೆ ಛತ್ರದ ಲೈಟ್ ಆರಿಸಿದ ಹಾಗೆ, ಎಲ್ಲರೂ ಹೊರಗೆ.

ಸ್ಟಾಪ್ ಮತ್ತು ಸ್ಟಾಪ್ ಆಲ್ ಅಕ್ಕಪಕ್ಕದಲ್ಲೇ ಇವೆ. ಪರದೆ 240 ಚುಕ್ಕೆ ಅಗಲ, 320 ಉದ್ದ. ಗುಂಡಿಗಳು ಹುಣಸೆ ಬೀಜದಷ್ಟು. ಸಿಲ್ಕ್ ಬೋರ್ಡ್ ದಾಟುವ ಬಿಎಂಟಿಸಿ ಬಸ್ಸಿನಲ್ಲಿ ಕೂತು ಸ್ಟಾಪ್ ಒತ್ತಲು ಹೋದವರಿಗೆ ಗುಂಡಿ ಯಾವುದು ಸಿಗುತ್ತದೆ ಅನ್ನುವುದು ರಸ್ತೆಯ ಗುಂಡಿಗೆ ಬಿಟ್ಟದ್ದು. ಪಾಕೆಟ್ ವರ್ಡ್‌ನಂಥ ಸಂಭಾವಿತರು ಹೋಗುವ ಮೊದಲು ಕಡತ ಉಳಿಸಿಕೊಂಡು ಹೋಗುತ್ತಾರೆ. ಆಟಗಳಿಗೂ ಹೊರಗಿನವರು ಬರೆದ ಎಷ್ಟೋ ಪ್ರೋಗ್ರಾಂಗಳಿಗೂ ಆ ಸಂಸ್ಕಾರವಿಲ್ಲ.

ಇನ್ನೊಂದು ವಿಷಯ: ಈ ಪಟ್ಟಿಯಲ್ಲಿ ಕಿಟಕಿ ಇರುವವರ ಹೆಸರು ಮಾತ್ರ. ಪರದೆಗೆ ಬಾರದೆ ಹಿಂದೆ ದುಡಿಯುವವರೂ, ಮೊದಲಿಗೆ ಕಾಣುವ ಟುಡೇ ಪರದೆಯ ಮೇಲೆ ಹವಾಮಾನ, ಪಂಚಾಂಗ ಅಂತ ನೇತುಹಾಕಿಕೊಂಡ ಪ್ಲಗಿನ್‌ಗಳೂ ಇಲ್ಲಿ ಸಿಕ್ಕುವುದಿಲ್ಲ. ಪಟ್ಟಿ ಖಾಲಿ ಇದ್ದೂ ಯಂತ್ರ ತೆವಳುತ್ತಿದ್ದರೆ ಮೊದಲ ಅನುಮಾನ ಆ ಪ್ಲಗಿನ್‌ಗಳ ಮೇಲೇ ಇರಲಿ. ಸೆಟ್ಟಿಂಗ್ಸ್‌ನ ಟುಡೇಯಲ್ಲಿ ಐಟಮ್ಸ್ ಟ್ಯಾಬ್‌ಗೆ ಹೋಗಿ ಒಂದೊಂದೇ ಟಿಕ್ ತೆಗೆದು ನೋಡಬೇಕು.

ಯಂತ್ರವೇ ನೋಡಿಕೊಳ್ಳುತ್ತದೆ ಅಂದರಲ್ಲ, ಆ ಮಾತು ಪೂರಾ ಸುಳ್ಳಲ್ಲ. ಮೆಮೊರಿ ಕಮ್ಮಿಯಾಗುತ್ತಿದ್ದಂತೆ ಈ ಯಂತ್ರಗಳನ್ನು ಒಳಗಿನಿಂದ ನಡೆಸುವ ವಿಂಡೋಸ್ ಸಿಇ, ಹಿಂದೆ ನಿಂತಿರುವ ಪ್ರೋಗ್ರಾಂಗಳಿಗೆ ‘ಹೈಬರ್ನೇಟ್’ ಎಂಬ ಸಂದೇಶ ಕಳಿಸುತ್ತದೆ: ಸ್ವಲ್ಪ ಸರಿದು ಕೂತ್ಕೊಳ್ಳಿ, ಸಾಮಾನು ಕಮ್ಮಿ ಮಾಡ್ಕೊಳ್ಳಿ. ಅದಕ್ಕೂ ಜಾಗ ಆಗದಿದ್ದರೆ ‘ಏಳಿ’ ಅನ್ನುತ್ತದೆ. ಪ್ರೋಗ್ರಾಂ ಬರೆದವನು ಈ ಸಂದೇಶಕ್ಕೆ ಕಿವಿ ಇಟ್ಟಿದ್ದರೆ ಎಲ್ಲ ಸುಸೂತ್ರ. ಇಡದಿದ್ದರೆ, ಸೀಟು ಹಿಡಿಯಲು ಟವೆಲ್ ಹಾಸಿ ಕಿಟಕಿಯಾಚೆ ನೋಡುತ್ತಾ ಕೂತ ಪ್ರಯಾಣಿಕ! ಕಂಡಕ್ಟರ್ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಆಗ ಪರದೆಯ ನಡುವೆ ಕಡಲೆಕಾಯಿ ಪರಿಷೆಯ ಗಿರಗಿಟ್ಟಲೆಯ ಹಾಗೆ ಬಣ್ಣದ ಚಕ್ರವೊಂದು ತಿರುಗತೊಡಗುತ್ತದೆ. ನೋಡಲು ಚೆಂದ.

ಜಾಗ ಎಷ್ಟಿತ್ತು ಅಂತಲೂ ನೋಡಬೇಕಲ್ಲ. ಕಾಂಪ್ಯಾಕ್‌ನ ಮೊದಲ ಐಪ್ಯಾಕ್‌ಗಳಲ್ಲಿ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, 32 ಎಂಬಿ ರ‍್ಯಾಮ್. (ನಮ್ಮೂರಿನಲ್ಲೇ ಐಐಎಸ್‌ಸಿ ಮೇಷ್ಟ್ರುಗಳೂ ಎನ್‌ಕೋರ್ ಕಂಪನಿಯವರೂ ಸೇರಿ ಕಟ್ಟಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್‌ನಲ್ಲೂ ಇದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪೇ, ಅದು ಲಿನಕ್ಸ್ ಸಂಸಾರ, ಹಾಗಾಗಿ ಅದರ ಕಷ್ಟಗಳು ಬೇರೆ.) ಆ 32 ಎಂಬಿಯಲ್ಲೇ ಎರಡು ಸಂಸಾರ: ಕಡತ, ವಿಳಾಸ ಇಡುವ ಸ್ಟೋರೇಜ್ ಒಂದು ಕಡೆ, ಓಡುವ ಪ್ರೋಗ್ರಾಂಗಳದ್ದು ಇನ್ನೊಂದು ಕಡೆ. ಮೆಮೊರಿ ಪುಟದ ಮೊದಲ ಟ್ಯಾಬ್‌ನಲ್ಲಿ ನಡುವೆ ಒಂದು ಜಾರುಗುಂಡಿ ಇರುತ್ತದೆ, ಅಣ್ಣತಮ್ಮಂದಿರು ಪಾಲಾದಾಗ ಎಬ್ಬಿಸಿದ ಗೋಡೆಯ ಹಾಗೆ. ಸ್ಟೋರೇಜ್ ಕಡೆ ಖಾಲಿ ಬಿದ್ದಿದ್ದರೆ ಗೋಡೆಯನ್ನು ಆ ಕಡೆ ತಳ್ಳಿ, ಪ್ರೋಗ್ರಾಂ ಕಡೆಗೆ ನಾಲ್ಕಾರು ಎಂಬಿ ಕೊಡಬಹುದು. ಬಹಳ ಜನ ಈ ಜಾರುಗುಂಡಿಯನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ಪಾಕೆಟ್ ಪಿಸಿಯ ಮುಂದಿನ ಅವತಾರವಾದ 2005ರ ವಿಂಡೋಸ್ ಮೊಬೈಲ್ 5ರಲ್ಲಿ ಕಡತಗಳು ಕರೆಂಟಿಲ್ಲದೆಯೂ ಉಳಿಯುವ ಫ್ಲ್ಯಾಶ್‌ಗೆ ಮನೆ ಬದಲಾಯಿಸಿದವು, ಗೋಡೆಯೂ ಹೋಯಿತು.

ಅದಕ್ಕಿಂತ ಹಳೆಯ ಯಂತ್ರವಾಗಿದ್ದರೆ ಒಂದು ಎಚ್ಚರ. ಸ್ಟಾಪ್‌ಗೂ ಜಗ್ಗದ ಪ್ರೋಗ್ರಾಂ ಸಿಕ್ಕಾಗ ಸಿಟ್ಟಿನಲ್ಲಿ ಬ್ಯಾಟರಿ ಕಿತ್ತು ಬಡಿಯುವುದು ನಮ್ಮ ಜನರ ಮೊದಲ ಮದ್ದು. ಇಲ್ಲಿ ಆ ಮದ್ದು ರೋಗಿಯನ್ನೇ ತೆಗೆಯಬಹುದು. ವಿಳಾಸ, ಟಿಪ್ಪಣಿ, ನೀವು ತುಂಬಿಕೊಂಡ ಪ್ರೋಗ್ರಾಂ ಎಲ್ಲ ಇರುವುದು ರ‍್ಯಾಮ್‌ನಲ್ಲಿ. ಕರೆಂಟು ಪೂರ್ತಿ ನಿಂತರೆ ಯಂತ್ರ ಅಂಗಡಿಯಿಂದ ತಂದ ದಿನದ ಹಾಗೆ ಎದ್ದು ಕೂರುತ್ತದೆ. ಆರು ತಿಂಗಳು ಬೀರುವಿನಲ್ಲಿಟ್ಟು ಚಾರ್ಜ್ ಮಾಡದಿದ್ದರೂ ಇದೇ ಗತಿ. ಮಾಡಬೇಕಾದ್ದು ಸಾಫ್ಟ್ ರೀಸೆಟ್: ತೂತಿನೊಳಗಿರುವ ಪುಟ್ಟ ಗುಂಡಿಯನ್ನು ಕಡ್ಡಿಯ ತುದಿಯಿಂದ ಒಮ್ಮೆ ಅದುಮಿ ಬಿಡುವುದು. ಓಡುತ್ತಿದ್ದದ್ದೆಲ್ಲ ಹೋಗುತ್ತದೆ, ಉಳಿಸಿದ್ದು ಉಳಿಯುತ್ತದೆ. ಪವರ್ ಗುಂಡಿಯನ್ನೂ ಜೊತೆಗೆ ಹಿಡಿಯಬೇಡಿ. ಎಷ್ಟೋ ಮಾದರಿಗಳಲ್ಲಿ ಅದು ಹಾರ್ಡ್ ರೀಸೆಟ್, ಎಲ್ಲ ಗುಡಿಸಿ ಸಾರಿಸಿದ ಹಾಗೆ. ಕಡ್ಡಿ ಕಳೆದುಹೋಗಿದ್ದರೆ (ಕಳೆದುಹೋಗಿಯೇ ಇರುತ್ತದೆ) ಪೇಪರ್ ಕ್ಲಿಪ್ ನೆಟ್ಟಗೆ ಮಾಡಿಕೊಳ್ಳಿ. ದೇವರ ಮನೆಯ ಊದುಬತ್ತಿ ಕಡ್ಡಿ ಬೇಡ, ತುದಿ ಮುರಿದು ತೂತಿನೊಳಗೇ ಕೂರುತ್ತದೆ.

ಹಿತ್ತಲ ದಾರಿ ಬೇಸರವಾದವರಿಗೆ ಅಡ್ಡದಾರಿಗಳೂ ಇವೆ. ಪರದೆಯ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಮುಟ್ಟಿ ಆಮೇಲೆ ಕ್ಯೂ ಮುಟ್ಟಿದರೆ ಬಹಳಷ್ಟು ಪ್ರೋಗ್ರಾಂಗಳು ಸದ್ದಿಲ್ಲದೆ ಪೂರ್ತಿ ಹೊರಡುತ್ತವೆ. ಇದೇ ವಿಂಡೋಸ್ ಮೊಬೈಲ್ ಇರುವ ಎಚ್‌ಟಿಸಿಯ ಫೋನ್‌ಗಳ ಟಾಸ್ಕ್ ಮ್ಯಾನೇಜರ್‌ನಲ್ಲಿ (ಓಡುವ ಪ್ರೋಗ್ರಾಂಗಳ ಉಸ್ತುವಾರಿ ಪಟ್ಟಿ) ಬಟನ್ ಎಂಬ ಟ್ಯಾಬ್ ಇದ್ದು, ಎಕ್ಸ್ ಅನ್ನು ಒತ್ತಿ ಹಿಡಿದಾಗ ಮಾತ್ರ ಮುಚ್ಚು ಎಂದು ಹೇಳಿಡಬಹುದು. ಇದ್ದದ್ದರಲ್ಲಿ ಬುದ್ಧಿವಂತ ಏರ್ಪಾಡು ಇದೇ. ವಿಂಡೋಸ್ ಮೊಬೈಲ್ 6.1ರ ಹೊತ್ತಿಗೆ ಮೈಕ್ರೋಸಾಫ್ಟೂ ಸೋತು, ಸ್ಟಾರ್ಟ್‌ನ ಪ್ರೋಗ್ರಾಮ್ಸ್‌ನಲ್ಲೇ ಒಂದು ಟಾಸ್ಕ್ ಮ್ಯಾನೇಜರ್ ತಂದಿಟ್ಟಿತು. ನೋಕಿಯಾದ ಸಿಂಬಿಯನ್ ಫೋನ್‌ಗಳಲ್ಲಿ ಈ ರಗಳೆಯೇ ಕಮ್ಮಿ: ಮೆನು ಗುಂಡಿ ಒತ್ತಿ ಹಿಡಿದರೆ ಪಟ್ಟಿ, ಬೇಡದ್ದರ ಮೇಲೆ ನಿಂತು ಸಿ ಒತ್ತಿದರೆ ಮುಗಿಯಿತು. ಪಾಮ್ ಯಂತ್ರಗಳಲ್ಲಂತೂ ಟಾಸ್ಕ್ ಮ್ಯಾನೇಜರ್ ಹುಡುಕಿ ಸುಸ್ತಾಗಬೇಡಿ. ಅದು ಒಂದೇ ಕೋಣೆಯ ವಠಾರದ ಮನೆ. ಒಬ್ಬರು ಒಳಗೆ ಬಂದರೆ ಇದ್ದವರು ತಾವಾಗಿ ಹೊರಗೆ.

ಎಕ್ಸ್ ಒತ್ತಿದಾಗಲೆಲ್ಲ ನಾಳಿನ ಅಪಾಯಿಂಟ್‌ಮೆಂಟ್ ತೋರಿಸುತ್ತಿದ್ದರೆ ಯಂತ್ರಕ್ಕೆ ತಲೆ ಕೆಟ್ಟಿಲ್ಲ. ಎಕ್ಸ್‌ನ ಪಕ್ಕದಲ್ಲೇ ಗಡಿಯಾರ ಇದೆ, ನಿಮ್ಮ ಕಡ್ಡಿ ಅದರ ಮೇಲೆ ಬೀಳುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್‌ಗೆ ಹೋಗಿ ‘ಅಲೈನ್ ಸ್ಕ್ರೀನ್’ ಒತ್ತಿ, ನಡುವೆ ಒಂದು, ಮೂಲೆಗೊಂದರಂತೆ ನಾಲ್ಕು, ಒಟ್ಟು ಐದು ಪ್ಲಸ್ ಗುರುತುಗಳ ಮೇಲೆ ನಿಧಾನವಾಗಿ ಕಡ್ಡಿ ಊರಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿ, ಸ್ಟಾಪ್ ಆಲ್ ಒತ್ತಿ, ಪಟ್ಟಿ ಖಾಲಿಯಾದದ್ದನ್ನು ಕಣ್ಣಾರೆ ನೋಡಿ, ಚಾರ್ಜ್ ಆಗಲಿ ಅಂತ ಯಂತ್ರವನ್ನು ಕಂಪ್ಯೂಟರ್ ಪಕ್ಕದ ತೊಟ್ಟಿಲಲ್ಲಿ ಕೂರಿಸುತ್ತೀರಿ. ಟಿಂಗ್ ಅಂತ ಸದ್ದು. ಪಟ್ಟಿ ತೆರೆದು ನೋಡಿದರೆ, ಕಂಪ್ಯೂಟರ್ ಜೊತೆ ಕಡತ ಹೊಂದಿಸುವ ಆಕ್ಟಿವ್‌ಸಿಂಕ್ ಬಂದು ಕೂತಿದೆ. ‘ಹೋಗಿ ಬರ್ತೀನಿ’ ಅಂದಿತ್ತಲ್ಲ, ಬಂತು.