ಹಾಲಿನ ಲೆಕ್ಕದ ಪಕ್ಕ ಬಾಲಿನ ಲೆಕ್ಕ

"ಮಾಮಾ, ಬಾಲ್ ಹಾಕೋ ಮುಂದ ನಡಾ ಹಿಡೀತೈತಿ."

ಅಕ್ಕನ ಮಗ ಹೀಗೆ ಅಂದಾಗ ನಾನು ಕೇಳಿದ್ದು ಒಂದೇ, "ಯಾವ ಕಡೆ?"

"ಎಡಕ್ಕ."

ಅಲ್ಲಿಗೇ ನನಗೆ ಹೆದರಿಕೆ ಶುರುವಾಯಿತು. ಅವನು ಕ್ರಿಕೆಟ್ ಆಡುವ ಹುಡುಗ, ಬಲಗೈ ಫಾಸ್ಟ್ ಬೌಲರ್, ವಯಸ್ಸು 14. ಬಲಗೈ ಬೌಲರ್‌ಗೆ ಬೆನ್ನಿನ ಕೆಳಗಿನ ಮೂಳೆ ಬಿರುಕು ಬಿಡುವುದು ಹೆಚ್ಚಾಗಿ ಎಡಗಡೆಯೇ. ಎಂಆರ್‌ಐನಲ್ಲಿ ಬಂದದ್ದೂ ಅದೇ, ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಿ ಆಗುವ ಬಿರುಕು. ಡಾಕ್ಟರು ಬೌಲಿಂಗ್ ಪೂರ್ತಿ ನಿಲ್ಲಿಸಿದರು.

ಕೋಚ್‌ಗೆ ಹೇಳಿದರೆ, "ಆ್ಯಕ್ಷನ್ ಸರಿ ಮಾಡೋಣು ಬಿಡ್ರಿ" ಅಂದರು. ನನ್ನ ತಕರಾರು ಇರುವುದೇ ಇಲ್ಲಿ. ಆ್ಯಕ್ಷನ್, ಅಂದರೆ ಬಾಲ್ ಹಾಕುವ ರೀತಿ, ಅದರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಹುಡುಗ ವಾರಕ್ಕೆ ಎಷ್ಟು ಬಾಲ್ ಹಾಕಿದ ಅಂತ ಒಬ್ಬರೂ ಕೇಳುವುದಿಲ್ಲ.

ಆ್ಯಕ್ಷನ್ ನೋಡಬಾರದು ಅಂತಲ್ಲ. ಹಿಂದೆ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ನಾವು ಹೊಸ ಬಾಲ್ ಹಾಕುವಾಗ ನಮ್ಮ ಆ್ಯಕ್ಷನ್ ಹೇಗಿತ್ತು ಅಂತ ನಮಗೇ ಗೊತ್ತಿರಲಿಲ್ಲ. ಈಗ ಫೋನಿನಲ್ಲೇ ಸ್ಲೋ ಮೋಷನ್ ಇದೆ. ಇವನ ಹಳೆಯ ವಿಡಿಯೋ ಇಬ್ಬರೂ ಕೂತು ನೋಡಿದೆವು. ಹಿಂಗಾಲು ನೆಲಕ್ಕೆ ಬಿದ್ದಾಗ ಪಾದ ಬ್ಯಾಟ್ಸ್‌ಮನ್ ಕಡೆ, ಸೊಂಟವೂ ಅದೇ ಕಡೆ. ಭುಜ ಮಾತ್ರ ಪಕ್ಕಕ್ಕೆ ತಿರುಗಿದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ನಡ ತಿರುಚುತ್ತದೆ. ಇದಕ್ಕೇ ಮಿಕ್ಸೆಡ್ ಆ್ಯಕ್ಷನ್ ಅಂತಾರೆ. ಪೂರ್ತಿ ಸೈಡ್ ಆನ್ (ಮೈ ಪಕ್ಕಕ್ಕೆ) ಇರಲಿ, ಪೂರ್ತಿ ಫ್ರಂಟ್ ಆನ್ (ಎದೆ ಬ್ಯಾಟ್ಸ್‌ಮನ್ ಕಡೆ) ಇರಲಿ, ಸೊಂಟ ಮತ್ತು ಭುಜ ಒಂದೇ ಕಡೆ ನೋಡಿದರೆ ಸಾಕು. ಅದರ ಮೇಲೆ ಮುಂಗಾಲು ಊರಿದಾಗ ಮೈತೂಕದ ಎಷ್ಟೋ ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಮ್ಮ ಕಡೆ ಅದು ಸಿಮೆಂಟ್ ಮೇಲೆ ಹಾಸಿದ ಮ್ಯಾಟಿನ ಮೇಲೆ, ಇಲ್ಲಾಂದ್ರೆ ಬೇಸಿಗೆಗೆ ಕಲ್ಲಾದ ಎರಿ ಮಣ್ಣಿನ ಮೇಲೆ.

(ಈಗಿನ ಹುಡುಗರೆಲ್ಲ ಬುಮ್ರಾ ಥರ ಹಾಕ್ತಾರೆ. ಆ ಬುಮ್ರಾಗೇ 2019ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು, 2023ರಲ್ಲಿ ಬೆನ್ನಿನ ಆಪರೇಷನ್ನೂ ಆಯಿತು. ರೀಲ್ಸ್‌ನಲ್ಲಿ ಅದು ಬರುವುದಿಲ್ಲ.)

ಆಮೇಲೆ ಇವನಿಂದಲೇ ಒಂದು ವಾರದ ಲೆಕ್ಕ ಹೇಳಿಸಿದೆ. ಅಕಾಡೆಮಿ ನೆಟ್ಸ್ ನಾಲ್ಕು ದಿನ, ದಿನಕ್ಕೆ 60 ಬಾಲ್. ಶಾಲೆಯ ಟೀಮ್‌ಗೆ ಎರಡು ದಿನ, 36ರ ಹಾಗೆ. ರವಿವಾರ ಓಣಿಯ ಟೆನಿಸ್ ಬಾಲ್ ಟೂರ್ನಮೆಂಟು, ಅಲ್ಲಿ 48. ಒಟ್ಟು 360. ಅಂದರೆ 60 ಓವರ್! ಕೋಚ್‌ಗೆ ಗೊತ್ತಿದ್ದದ್ದು ತಮ್ಮ 240 ಮಾತ್ರ. ಪಿಟಿ ಸರ್‌ಗೆ 72. ಓಣಿಯ ಕ್ಯಾಪ್ಟನ್‌ಗೆ ಕಪ್ ಒಂದೇ ಗೊತ್ತು. ಮೂವರದ್ದೂ ಕೂಡಿಸಿದವರು ಯಾರೂ ಇಲ್ಲ. ನಾನೂ ಕೂಡಿಸಿರಲಿಲ್ಲ, ಅದೂ ನಿಜ.

ಅಮೆರಿಕದ ಬೇಸ್‌ಬಾಲ್‌ನವರು ಈ ಪಾಠ ಮೊದಲೇ ಕಲಿತರು. ಅಲ್ಲಿ ಹುಡುಗರಿಗೆ ಹೋಗುವುದು ಮೊಣಕೈ, ನಮ್ಮಲ್ಲಿ ನಡ. 2007ರಲ್ಲೇ ಹುಡುಗರ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್‌ನವರು ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತದ ಲೆಕ್ಕ ಹಿಡಿದರು. 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ಮಾರ್ಗಸೂಚಿ ಬಂತು. ಅದರ ಪ್ರಕಾರ 14ರ ಹುಡುಗ ದಿನಕ್ಕೆ 95ಕ್ಕಿಂತ ಜಾಸ್ತಿ ಪಿಚ್ (ಎಸೆತ) ಮಾಡುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಎರಡೂ ಆಟ ಒಂದೇ ಅಲ್ಲ, ಆ ಅಂಕಿಯನ್ನು ಹಾಗೇ ಎತ್ತಿ ಬೌಲಿಂಗ್‌ಗೆ ಹಚ್ಚುವುದು ಸರಿಯಲ್ಲ. ಆದರೆ ಎಣಿಸುವುದನ್ನಾದರೂ ಕಲಿಯಬಹುದಲ್ವಾ?

ಇದನ್ನು ಹೇಳಿದರೆ ಹಿರಿಯರು ಭಾರತ ತಂಡಕ್ಕೆ ಆಡಿದ ನಮ್ಮ ಸುನೀಲ್ ಜೋಶಿಯವರ ಕಥೆ ತೆಗೀತಾರೆ. ಗದಗದಿಂದ ಹುಬ್ಬಳ್ಳಿಗೆ ದಿನಾ ಬೆಳಿಗ್ಗೆ ಪ್ರಾಕ್ಟೀಸಿಗೆ ಬಂದು ಹೋಗುತ್ತಿದ್ದರು, ಈಗಿನವರಿಗೆ ಮೈ ಬಗ್ಗಲ್ಲ ಅಂತ. ಅವರ ಮೇಲೆ ನನಗೂ ಅಷ್ಟೇ ಗೌರವ. ಆದರೆ ಸ್ವಾಮಿ, ಅವರು ಸ್ಪಿನ್ನರ್, ಫಾಸ್ಟ್ ಬೌಲರ್ ಅಲ್ಲ!

ಹುಡುಗ ಈಗ ಮತ್ತೆ ಬೌಲ್ ಮಾಡ್ತಿದ್ದಾನೆ, ನಿಧಾನಕ್ಕೆ. ಆ್ಯಕ್ಷನ್‌ನಲ್ಲಿ ಬದಲಿಸಿದ್ದು ಒಂದೇ, ಹಿಂಗಾಲಿನ ದಿಕ್ಕು. ಉಳಿದದ್ದನ್ನು ಮುಟ್ಟಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಕೆಂಪು ಪೆನ್ನಿನಿಂದ ಬಾಲಿನ ಲೆಕ್ಕ ಬರೀತಾಳೆ. ಹೋದ ರವಿವಾರ ಓಣಿಯ ಕ್ಯಾಪ್ಟನ್ ಕರೆಯಲಿಕ್ಕೆ ಬಂದಿದ್ದ. ಅಕ್ಕ ಒಳಗೆ ಹೋಗಿ ಕ್ಯಾಲೆಂಡರ್ ನೋಡಿಕೊಂಡು ಬಂದಳು.

"ಈ ವಾರದ್ದು ಮುಗದೈತಪ್ಪಾ. ಬೇಕಾದ್ರ ಅಂಪೈರಿಂಗ್ ಮಾಡ್ತಾನ, ಕರ್ಕೊಂಡು ಹೋಗು."