ಇದೇ ಸರಿ

ಮೊನ್ನೆ ನನ್ನ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ನೆಟ್ ಹೋಯಿತು. ಹೋಗಿದೆ ಅನ್ನೋ ಹಾಗೂ ಇರಲಿಲ್ಲ. ಮೂಲೆಯ ಐಕಾನ್ ಕನೆಕ್ಟ್ ಆಗಿದೆ ಎಂದು ಸಾಧಿಸುತ್ತಿತ್ತು, ಬ್ರೌಸರ್ ಮಾತ್ರ ಸುಮ್ನೆ ಗಿರಗಿರ ತಿರುಗುತ್ತಿತ್ತು. ಫೋನ್‌ನಲ್ಲಿ ಅದೇ ರೂಟರ್‌ನ ವೈಫೈ ಸೊಗಸಾಗಿ ಓಡುತ್ತಿತ್ತು.

ಅಂದ ಮೇಲೆ ತಪ್ಪು ಕೇಬಲ್‌ನದೇ ಅಲ್ವಾ? ಮೇಜಿನ ಕೆಳಗೆ ತೂರಿದೆ. ಕಿತ್ತೆ, ಊದಿದೆ, ಮತ್ತೆ ಸಿಕ್ಕಿಸಿದೆ. (ಊದಿದರೆ ಏನೂ ಆಗುವುದಿಲ್ಲ. ಆದರೂ ಊದದೆ ಸಿಕ್ಕಿಸಲು ಮನಸ್ಸು ಒಪ್ಪುವುದಿಲ್ಲ.) ಏಳುವಾಗ ಮೇಜು ತಲೆಗೆ ಬಡಿಯಿತು. ಬೇರೆ ಕೇಬಲ್ ಹಾಕಿದೆ. ಕೊನೆಗೆ ರೂಟರನ್ನೇ ಆಫ್ ಮಾಡಿ ಆನ್ ಮಾಡಿದೆ. ಈಗ ಎಲ್ಲರ ಫೋನಿನ ನೆಟ್ಟೂ ಹೋಗಿ, ಮನೆಮಂದಿಯೆಲ್ಲ ಬಾಗಿಲಲ್ಲಿ ಬಂದು ನಿಂತರು.

ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದೆ. ಲಿನಕ್ಸ್‌ನಲ್ಲಿ ನೆಟ್ ಕನೆಕ್ಷನ್ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಒಂದನ್ನೂ ಮರೆತಿರಲಿಲ್ಲ. ಉಳಿಸಿಟ್ಟ ಪ್ರೊಫೈಲ್‌ಗಳು, ಅಂದರೆ ಹೇಗೆ ಕನೆಕ್ಟ್ ಆಗಬೇಕೆಂಬ ಸೆಟ್ಟಿಂಗ್‌ಗಳ ಕಟ್ಟುಗಳು, ಸಾಲಾಗಿ ನಿಂತಿದ್ದವು: 'ವೈರ್ಡ್ ಕನೆಕ್ಷನ್ 1', 'ಟೆಸ್ಟ್', 'ಟೆಸ್ಟ್ ಹೊಸದು', 'ಇದೇ ಸರಿ'. ಮೊದಲನೆಯದು ಬಿಟ್ಟರೆ ಎಲ್ಲದಕ್ಕೂ ನಾಮಕರಣ ಮಾಡಿದವನು ನಾನೇ. ಓಡುತ್ತಿದ್ದದ್ದು 'ಇದೇ ಸರಿ'.

ಅದರೊಳಗೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ, ಮ್ಯಾನುಯಲ್ ಆಗಿತ್ತು: ಕೈಯಾರೆ ತುಂಬಿದ 192.168.1.50. ಹಿಂದೊಮ್ಮೆ ಇನ್ನೊಂದು ಕಂಪ್ಯೂಟರಿನಿಂದ ಇದಕ್ಕೆ ಫೈಲ್ ಕಳಿಸಲು ಅಡ್ರೆಸ್ ಬದಲಾಗದೆ ಇರಲಿ ಎಂದು ಹಾಕಿದ್ದು. ಹೋದ ವಾರ ರೂಟರ್ ಬದಲಾಯಿಸಿದ್ದೆ. ಹೊಸದು ಹಂಚುವುದು 192.168.0ರಿಂದ ಶುರುವಾಗುವ ಅಡ್ರೆಸ್‌ಗಳನ್ನು. ಪಾಪ, ನನ್ನ ಡೆಸ್ಕ್‌ಟಾಪ್ ಮನೆ ಬಿಟ್ಟು ಹೋದವರ ಹಳೇ ಬಾಗಿಲನ್ನೇ ತಟ್ಟುತ್ತಿತ್ತು.

ಆಟೋಮ್ಯಾಟಿಕ್ ಪ್ರೊಫೈಲ್ ಆದರೆ ಅಡ್ರೆಸ್ ಕೊಡು ಎಂದು ರೂಟರ್‌ನ ಕೇಳುತ್ತದೆ. ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಕಾದು, ಆಗಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ಮ್ಯಾನುಯಲ್ ಯಾರನ್ನೂ ಕೇಳುವುದಿಲ್ಲ. ತಂತಿಗೆ ಜೀವ ಇದ್ದರೆ ಸಾಕು, ಕನೆಕ್ಟ್ ಆದೆ ಅನ್ನುತ್ತದೆ. ದಾರಿ ಕೇಳದೆ ಮುಂದೆ ಮುಂದೆ ಹೋಗುವ ನನ್ನದೇ ಸ್ವಭಾವ.

'ವೈರ್ಡ್ ಕನೆಕ್ಷನ್ 1' ಒತ್ತಿದೆ. ನೆಟ್ ಬಂತು. ಬಾಗಿಲು ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಮತ್ತೆ 'ಇದೇ ಸರಿ' ಬಂದು ಕೂತಿದೆ! ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಕೆದಕಿದೆ. ಅದರ ಆಟೋಕನೆಕ್ಟ್ ಪ್ರಯಾರಿಟಿ, ಅಂದರೆ ತಾನಾಗಿ ಕನೆಕ್ಟ್ ಆಗುವಾಗ ಯಾವುದು ಮೊದಲು ಎಂದು ತೀರ್ಮಾನಿಸುವ ಅಂಕಿ, 999. ಉಳಿದವಕ್ಕೆಲ್ಲ ಅದಕ್ಕಿಂತ ಎಷ್ಟೋ ಕಡಿಮೆ. ಯಾವುದೋ ರಾತ್ರಿ ಉತ್ಸಾಹ ಜಾಸ್ತಿಯಾಗಿ ಇದ್ದಬದ್ದ ಅಧಿಕಾರವನ್ನೆಲ್ಲ ನಾನೇ ಅದಕ್ಕೆ ಬರೆದುಕೊಟ್ಟಿದ್ದೆ.

ಸಿಟ್ಟಿನಲ್ಲಿ ಡಿಲೀಟ್ ಮಾಡಿದೆ. ಆ ಕಮಾಂಡ್ 'ಖಂಡಿತಾನಾ?' ಎಂದೂ ಕೇಳುವುದಿಲ್ಲ.

ಎರಡು ದಿನ ನೆಮ್ಮದಿಯಾಗಿದ್ದೆ. ಮೂರನೇ ದಿನ ಇನ್ನೊಂದು ಕಂಪ್ಯೂಟರಿನಿಂದ ಫೈಲ್ ಕಳಿಸಲು ಹೋದರೆ ಈ ಡೆಸ್ಕ್‌ಟಾಪ್ ಸಿಗಲೇ ಇಲ್ಲ. ಸಿಗುವುದಾದರೂ ಹೇಗೆ, ಅಡ್ರೆಸ್ ಬದಲಾಗಿತ್ತಲ್ಲ! ಮತ್ತೆ ಹೊಸ ಪ್ರೊಫೈಲ್ ಮಾಡಿ, ಮ್ಯಾನುಯಲ್ ಇಟ್ಟು, 192.168.0.50 ಎಂದು ತುಂಬಿಸಿದೆ. ಮೇಲೆ ಹೆಸರಿನ ಜಾಗ ಖಾಲಿ ಇತ್ತು. ಈ ಸಲ ಅರ್ಥವಾಗುವಂಥ ಹೆಸರು ಇಡಬೇಕು ಎಂದು ತುಂಬಾ ಹೊತ್ತು ಯೋಚಿಸಿದೆ.

'ಇದೇ ಸರಿ 2' ಎಂದು ಟೈಪ್ ಮಾಡಿ ಸೇವ್ ಒತ್ತಿದೆ.